ಬಂದು ಹೋಗಿ ಮಾಡ್ತಾರೆ

ಕೊಡಿಗೇಹಳ್ಳಿಯ ಆ ಎರಡನೇ ಮಹಡಿಯ ಮನೆಗೆ ಬಾಡಿಗೆ ಹದಿನೆಂಟು ಸಾವಿರ, ಮುಂಗಡ ಒಂದೂವರೆ ಲಕ್ಷ. ನೀರಿಗೆ ಐನೂರು ಬೇರೆ. ಬ್ರೋಕರ್ ವೆಂಕಟೇಶಪ್ಪನಿಗೆ ಒಂದು ತಿಂಗಳ ಬಾಡಿಗೆ ಕೈಯಲ್ಲಿಡಬೇಕು. ಆರ್.ಟಿ. ನಗರದಿಂದ ಸಾಮಾನು ಸಾಗಿಸಲು ಗಯಾಸನ ಟೆಂಪೋಗೆ ಆರು ಸಾವಿರ, ಬೀರು ಹತ್ತಿಸಿದ ಆಳುಗಳಿಗೆ ಊಟ ಹಾಕಿ ಸಾವಿರದ ಇನ್ನೂರು. ಬಿಟ್ಟು ಹೋಗುವ ದಿನ ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಹನ್ನೊಂದು ತಿಂಗಳು ತುಂಬುವ ಮೊದಲೇ ಬಿಟ್ಟರೆ ಇನ್ನೂ ಒಂದು ತಿಂಗಳದ್ದು ಹೋಯಿತು. ಯಶವಂತಪುರದ ಹೋಲ್‌ಸೇಲ್ ಮಳಿಗೆಯಲ್ಲಿ ಲೆಕ್ಕ ಬರೆಯುವ ಉಪೇಂದ್ರನಿಗೆ ಬರುವ ಸಂಬಳ ನಲವತ್ತೊಂದು ಸಾವಿರ. ಆದ್ದರಿಂದ ಮನೆ ನೋಡುವ ಕೆಲಸವನ್ನು ಅವನ ಹೆಂಡತಿ ನಾಗಮಣಿ ಸುಮ್ಮನೆ ಮಾಡುವವಳಲ್ಲ.

ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಅವಳು ಬದಲಾಯಿಸಿದ ಮನೆಗಳು ಆರು. ಒಂದೊಂದು ಮನೆಯೂ ಒಂದೊಂದು ಪಾಠ ಹೇಳಿತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ನೋಡಬೇಕು. ಅಡಿಗೆಮನೆ ನಲ್ಲಿಯನ್ನೂ ಬಚ್ಚಲ ನಲ್ಲಿಯನ್ನೂ ಒಟ್ಟಿಗೆ ತಿರುಗಿಸಿ ನೋಡಬೇಕು. ಹೊಸ ಬಣ್ಣ ಹೊಡೆದಿದ್ದರೆ ಬೀರು ಇಡುವ ಮೂಲೆಯ ಗೋಡೆಯನ್ನು ಅಂಗೈಯಿಂದ ಮುಟ್ಟಬೇಕು, ತೇವ ಇದ್ದರೆ ಅಂಗೈ ಹೇಳುತ್ತದೆ. ಕರೆಂಟಿನ ಮೀಟರು ಬೇರೆ ಇದೆಯೇ, ಕಾವೇರಿ ನೀರು ವಾರಕ್ಕೆ ಎಷ್ಟು ಸಲ, ಮಾಂಸ ಬೇಯಿಸಿದರೆ ಮುಖ ಸಿಂಡರಿಸುವವರು ಯಾರಾದರೂ ಇದ್ದಾರೆಯೇ, ಗೋಡೆಗೆ ಮೊಳೆ ಹೊಡೆಯಬಹುದೇ. ಎಲ್ಲಕ್ಕಿಂತ ಮುಖ್ಯ, ಹಿಂದಿನವರು ಯಾಕೆ ಬಿಟ್ಟರು ಎಂಬುದನ್ನು ಮಾಲೀಕನ ಬಾಯಿಂದ ಕೇಳಬಾರದು. ಬೀದಿ ಮೂಲೆಯ ಹೊಂಗೆ ಮರದ ಕೆಳಗೆ ಇಸ್ತ್ರಿ ಮಾಡುವ ಸೊಣ್ಣಪ್ಪನನ್ನು ಅವಳು ಕೇಳಿದಳು.

"ಟ್ರಾನ್ಸ್‌ಫರ್ ಆಯ್ತಮ್ಮ ಅವ್ರಿಗೆ. ಓನರ್ ಮುನಿಕೃಷ್ಣಪ್ಪ ಒಳ್ಳೆ ಮನುಷ್ಯ. ಬಾಡಿಗೆಗೆ ಒಂದ್ ದಿನ ತಡ ಆದ್ರೆ ಬಾಗ್ಲು ತಟ್ಟೋನಲ್ಲ," ಎಂದ ಸೊಣ್ಣಪ್ಪ.

ಅವಳು ಎಲ್ಲವನ್ನೂ ಕೇಳಿದಳು. ಮಾಲೀಕ ಕೇಳಿದ್ದು ಒಂದೇ.

"ಎಷ್ಟ್ ಜನ ಇರ್ತೀರಾ?"

ಉಪೇಂದ್ರ ಗಂಟಲು ಸರಿಮಾಡಿಕೊಂಡ. "ಮೂರು ಜನ ಸಾರ್. ನಾನು, ನನ್ ಮಿಸೆಸ್ಸು, ಮಗಳು. ನಮ್ಮಮ್ಮ ಇದಾರೆ, ಹುಣಸಮಾರನಹಳ್ಳೀಲಿ ಅಣ್ಣನ ಮನೇಲಿ. ಬಂದು ಹೋಗಿ ಮಾಡ್ತಾರೆ."

ನಾಗಮಣಿ ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿಯನ್ನು ನೋಡುತ್ತಾ ನಿಂತಳು. ಅತ್ತೆ ಸಂಜೀವಮ್ಮ ಒಂಬತ್ತು ವರ್ಷದಿಂದ ಇವರ ಮನೆಯಲ್ಲೇ ಇದ್ದಳು. ಎಲ್ಲಿಗೂ ಹೋಗುತ್ತಿರಲಿಲ್ಲ, ಹೋಗಲು ಆಗುತ್ತಲೂ ಇರಲಿಲ್ಲ. ಹೃದಯ ಊದಿಕೊಂಡಿದೆ ಎಂದು ಡಾಕ್ಟರು ಹೇಳಿದ್ದರು, ಕಾಲು ಕಂಬದ ಹಾಗೆ ಊದಿಕೊಂಡಿತ್ತು. ಇದಕ್ಕೆ ಮುಂಚೆ ನೋಡಿದ ಎರಡು ಮನೆಗಳಿಗೆ ಮುದುಕಿಯನ್ನು ಆಟೋದಲ್ಲಿ ಕರೆದುಕೊಂಡೇ ಹೋಗಿದ್ದರು. ಎರಡೂ ಕಡೆ ಮಾಲೀಕರು ಆ ಕಾಲನ್ನು ನೋಡಿದರು, ಮುಗುಳ್ನಕ್ಕರು, ಫೋನ್ ಮಾಡುತ್ತೇವೆ ಎಂದರು. ಫೋನು ಬರಲಿಲ್ಲ. ಆರ್.ಟಿ. ನಗರದ ಮಾಲೀಕನ ಮಗನ ಮದುವೆ ನಿಶ್ಚಯವಾಗಿ, ಮನೆ ಬಿಡಲು ಕೊಟ್ಟಿದ್ದ ಗಡುವು ಮುಗಿಯುತ್ತಾ ಬಂದಿತ್ತು. ಈ ಸಲ ಮುದುಕಿಯನ್ನು ಬಿಟ್ಟು ಬಂದಿದ್ದರು.

ಕಾರ್ತಿಕ ಮುಗಿಯುವಷ್ಟರಲ್ಲಿ ಹಾಲುಕ್ಕಿಸಿದರು.

ಸಂಜೀವಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಒಂದು ಕಡೆ ಉಪೇಂದ್ರ, ಇನ್ನೊಂದು ಕಡೆ ಗಯಾಸ್ ಹಿಡಿದು ಮೆಟ್ಟಿಲು ಹತ್ತಿಸಿದರು.

"ಉತ್ಸವಮೂರ್ತಿ ಓದಂಗೆ ಓಗ್ತಾ ಇವ್ನಿ," ಎಂದಳು ಮುದುಕಿ ಮೇಲುಸಿರಿನಲ್ಲೇ. "ಮಂಗಳಾರತಿ ತಟ್ಟೆ ಇಡ್ಕೊಂಡೋರು ಒಬ್ರೂ ಕಾಣಲ್ಲ."

"ಅಜ್ಜಿ, ನಗಿಸ್ಬೇಡಿ, ಕೈ ಜಾರಿದ್ರೆ ಮೂರ್ತಿ ಡೈರೆಕ್ಟಾಗಿ ವಿಸರ್ಜನೆ," ಎಂದ ಗಯಾಸ್.

ಅಂಗಳದಲ್ಲಿ ರಾಗಿ ಒಣಹಾಕುತ್ತಿದ್ದ ಮಾಲೀಕನ ಹೆಂಡತಿ ಯಲ್ಲಮ್ಮ ತಲೆ ಎತ್ತಿ ನೋಡಿದಳು. "ಯಾರಮ್ಮ ಇವ್ರು?"

"ನಮ್ಮತ್ತೆ," ಎಂದಳು ನಾಗಮಣಿ. "ಬಂದಿದಾರೆ."

ಯಲ್ಲಮ್ಮ ಮತ್ತೇನೂ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಒಂದು ಚೊಂಬು ಮಜ್ಜಿಗೆ ಮೇಲೆ ಬಂತು.

ಅವರೆಕಾಯಿ ಕಾಲ ಬಂದಾಗ ಆ ಇಬ್ಬರು ಹೆಂಗಸರೂ ಒಂದಾದರು. ಯಲ್ಲಮ್ಮ ಚೀಲ ಹೊತ್ತು ಮೇಲೆ ಬರುವಳು, ಸಂಜೀವಮ್ಮ ಬಾಲ್ಕನಿಯ ಕುರ್ಚಿಯಲ್ಲಿ ಕಾಲು ಚಾಚಿ ಮಡಿಲಿಗೆ ಮೊರ ಇಟ್ಟುಕೊಳ್ಳುವಳು. ಒಬ್ಬಳು ಸುಲಿಯುವಳು, ಇನ್ನೊಬ್ಬಳು ನೆನೆದ ಕಾಳು ಹಿಸುಕುವಳು. ಜಕ್ಕೂರಿನಿಂದ ಎದ್ದ ಸಣ್ಣ ವಿಮಾನ ಹೊಲಿಗೆ ಮಿಷಿನ್ನಿನಂತೆ ಸದ್ದು ಮಾಡುತ್ತಾ ಮೇಲೆ ಸುತ್ತುತ್ತಿತ್ತು.

"ಇದು ಎಲ್ಲಿಗೂ ಓಗಲ್ವಾ? ಅಲ್ಲೇ ಸುತ್ತತೈತಲ್ಲ," ಎಂದು ಸಂಜೀವಮ್ಮ.

"ಕಲಿಯೋರಂತೆ. ಅಲ್ಲೇ ಎದ್ದು ಅಲ್ಲೇ ಇಳೀತಾರೆ," ಎಂದು ಯಲ್ಲಮ್ಮ.

"ನನ್ನಂಗೇ ಬಿಡು. ನಾನೂ ಮಂಚದಿಂದ ಎದ್ದು ಮಂಚಕ್ಕೇ ಇಳೀತೀನಿ."

ಹಿಸುಕಿದ ಬೇಳೆ ಸಾರು, ಬಿಸಿ ಮುದ್ದೆ ಎರಡೂ ಮನೆಯಲ್ಲಿ ಒಂದೇ ದಿನ. ಯಲ್ಲಮ್ಮನ ಕಿರಿಮಗಳು ಜ್ಯೋತಿಲಕ್ಷ್ಮಿಯ ಮದುವೆ ಗೊತ್ತಾದ ಸುದ್ದಿಯನ್ನು ಸಂಜೀವಮ್ಮ ನಾಗಮಣಿಗಿಂತ ಮೊದಲು ತಿಳಿದಳು. ಹುಡುಗನ ಕಡೆಯವರು ಎಷ್ಟು ತೊಲ ಕೇಳಿದರು ಎಂಬುದನ್ನೂ ತಿಳಿದಳು. ಈ ಮನೆ ಕೈಗೂಡಿತು ಎಂದುಕೊಂಡಳು ನಾಗಮಣಿ.

ಸಂಕ್ರಾಂತಿ ಕಳೆದ ಮೇಲೆ ಮುದುಕಿಗೆ ಮಲಗಿದರೆ ಉಸಿರು ಸಿಗದಾಯಿತು. ಗಾಳಿಯಿಂದ ಆಮ್ಲಜನಕ ಎಳೆದುಕೊಡುವ ಯಂತ್ರ ಬಾಡಿಗೆಗೆ ತನ್ನಿ ಎಂದರು ಡಾಕ್ಟರು. ಅದಕ್ಕೆ ತಿಂಗಳಿಗೆ ಐದು ಸಾವಿರ. ತಂದವನು ಗೇಟಿನ ಮುಂದೆ ಬೈಕ್ ನಿಲ್ಲಿಸಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಆಕ್ಸಿಜನ್ ಮಿಷಿನ್ ಯಾರಿಗೆ ಸಾರ್?"

ಗೇಟಿನ ಬಳಿ ನಿಂತಿದ್ದವನು ಮುನಿಕೃಷ್ಣಪ್ಪ.

ಅವನು ಸಂಜೆ ಮೇಲೆ ಬಂದ. ಉಪೇಂದ್ರ ಆಗತಾನೆ ಕೆಲಸದಿಂದ ಬಂದು ಕಾಫಿ ಹಿಡಿದಿದ್ದ. ಮಗಳು ಹರಿಪ್ರಿಯಾ ನೆಲದ ಮೇಲೆ ಕೂತು ಬಿ.ಕಾಂ. ಪರೀಕ್ಷೆಗೆ ಓದುತ್ತಿದ್ದಳು. ಒಳಕೋಣೆಯಲ್ಲಿ ಯಂತ್ರ ಗುರ್ ಎನ್ನುತ್ತಿತ್ತು.

"ಕೂತ್ಕೊಳಿ ಸಾರ್," ಎಂದಳು ನಾಗಮಣಿ.

"ಕೂತ್ಕೊಳಾಕೆ ಬಂದಿಲ್ಲಮ್ಮ. ಬಂದು ಓಗಿ ಮಾಡ್ತಾರೆ ಅಂದ್ರಿ. ಬಂದವ್ರೆ, ಸರಿ. ಓಗಿದ್ದು ಯಾವಾಗ?"

ಉಪೇಂದ್ರ ಕಾಫಿ ಲೋಟ ಕೆಳಗಿಟ್ಟ.

"ನಾನು ಕೆಟ್ಟೋನಲ್ಲಮ್ಮ. ನಮ್ಮವ್ವನೂ ಇಂಗೇ ಮಲಗಿದ್ಲು. ಆದ್ರೆ ಒಂದ್ ಮಾತು ಏಳ್ತೀನಿ ಕೇಳಿ. ಇಂದುಗಡೆ ಶೀಟ್ ಮನೆ ಐತಲ್ಲ, ಅದ್ರಲ್ಲಿ ಒಬ್ರು ತಾತ ಇದ್ರು, ಬಾಡಿಗೆಗೆ. ಓದ್ರು. ಧನಿಷ್ಠಾ ನಕ್ಷತ್ರದಲ್ಲಿ ಓದ್ರು. ಅಂಥ ನಕ್ಷತ್ರದಲ್ಲಿ ಜೀವ ಓದ್ರೆ ಮನೆಗೆ ಆರ್ ತಿಂಗ್ಳು ಬೀಗ ಅಂದ್ರು ಅಯ್ನೋರು. ಆಕಿದ್ವಿ. ಮುಂದಿನ ಮನೆಯೋರು ಎದ್ರಿಕೊಂಡು ಅದೇ ವಾರ ಖಾಲಿ ಮಾಡಿದ್ರು. ನನ್ ದೊಡ್ಡ ಮಗಳನ್ನ ನೋಡಾಕ್ ಬಂದೋರು ಆ ಬೀಗ ನೋಡಿ, ಯಾಕೆ ಅಂತ ಸೊಣ್ಣಪ್ಪನ್ನ ಕೇಳಿ, ಆಂಗೇ ಕಾರ್ ತಿರುಗಿಸ್ಕೊಂಡು ಓದ್ರು. ಅವ್ಳಿಗೆ ಸಂಬಂಧ ಕೂಡಿಬರಾಕೆ ಮತ್ತೆ ಮೂರು ವರ್ಷ ಆಯ್ತು. ಈಗ ಚಿಕ್ಕೋಳ್ದು. ಫಾಲ್ಗುಣದಲ್ಲಿ ಈ ಗೇಟಿಗೆ ಚಪ್ಪರ ಏಳತೈತೆ."

"ಹಂಗೇನಾಗಲ್ಲ ಸಾರ್..." ಎಂದ ಉಪೇಂದ್ರ.

"ಆಗಲ್ಲ ಅಂತ ನೀವ್ ಬರಕೊಡ್ತೀರಾ? ನೋಡಿ, ಎರಡು ದಾರಿ. ಬೇರೆ ಮನೆ ಮಾಡ್ಕೊಳಿ. ಅಡ್ವಾನ್ಸ್ ಪೂರ್ತಿ ಕೊಡ್ತೀನಿ, ಬಣ್ಣಕ್ಕೂ ಮುರಿಯಲ್ಲ. ಇಲ್ವಾ, ಮಾತ್ ಕೊಡಿ. ಜಾಸ್ತಿ ಆಗ್ತಿದ್ದಂಗೇ ಆಸ್ಪತ್ರೆಗೆ ಸೇರಿಸ್ಬೇಕು. ಏನಾದ್ರೂ ಆದ್ರೆ ಅಲ್ಲಿಂದ ನೇರ ಎಬ್ಬಾಳದ ಸ್ಮಶಾನಕ್ಕೆ. ಈ ಗೇಟ್ ಒಳಗೆ ತರಂಗಿಲ್ಲ."

ಅವನು ಇಳಿದು ಹೋಗುವಷ್ಟರಲ್ಲಿ ಕಾಫಿ ಆರಿತ್ತು.

"ನಿಜ ಹೇಳಿದ್ರೂ ಈ ಮನೆ ಸಿಗ್ತಿತ್ತೇನೋ," ಎಂದಳು ನಾಗಮಣಿ ಗಂಡನಿಗೆ. "ಕೆಳಗಿನ ಮನೆ ಕೊಡ್ತಿದ್ರೋ ಏನೋ. ಮೊದಲೇ ಮಾತಾಡ್ಬಹುದಿತ್ತು."

"ನಿಜ ಹೇಳಿ ಎರಡು ಮನೆ ಕಳ್ಕೊಂಡ್ವಲ್ಲ, ಅವಾಗ ನೀನೇ ತಾನೇ ಅಂದಿದ್ದು, ಅತ್ತೇನ ಕರ್ಕೊಂಡು ಬರ್ಬೇಡಿ ಅಂತ?"

"ಕರ್ಕೊಂಡು ಬರ್ಬೇಡಿ ಅಂದೆ. ಹುಣಸಮಾರನಹಳ್ಳೀಲಿದಾರೆ ಅಂತ ಹೇಳಿ ಅಂದ್ನಾ?"

"ಎರಡೂ ಒಂದೇ ಕಣೇ."

"ಅಪ್ಪಾ, ಮೆಲ್ಲಗೆ," ಎಂದಳು ಹರಿಪ್ರಿಯಾ. "ಮಿಷಿನ್ನು ಉಸಿರಾಟಕ್ಕೆ ಹಾಕಿರೋದು. ಅಜ್ಜಿ ಕಿವಿ ಸರಿಯಾಗೇ ಇದೆ."

ಒಳಗಿನಿಂದ ಮುದುಕಿಯ ದನಿ ಬಂತು: "ನಂಗೇನೂ ಕೇಳಿಸ್ಲಿಲ್ಲ ಬಿಡ್ರವ್ವ. ಮುದ್ದೆ ಯಾವಾಗ?"

ಮನೆ ಹುಡುಕುವುದು ಮತ್ತೆ ಶುರುವಾಯಿತು. ಬೆಳಿಗ್ಗೆ ತಿಂಡಿ, ಡಬ್ಬಿ, ಅತ್ತೆಯ ಸ್ನಾನ, ಮಾತ್ರೆ ಮುಗಿಸಿ ನಾಗಮಣಿ ಹೊರಡುವಳು. ಹರಿಪ್ರಿಯಾ ಕಾಲೇಜಿನಿಂದ ಬರುವವರೆಗೆ ಮುದುಕಿಯ ಹತ್ತಿರ ಯಾರಿರುವುದು ಎಂಬ ಪ್ರಶ್ನೆಗೆ ಮೊದಲಾಗಿದ್ದರೆ ಯಲ್ಲಮ್ಮ ಇದ್ದಳು. ಈಗ ಯಲ್ಲಮ್ಮ ಮೇಲೆ ಬರುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ, "ಅಕ್ಕಿ ಆರ್ಸೋದೈತೆ, ಮದುವೆ ಕೆಲ್ಸ," ಎಂದು ಕೈಯೊರೆಸಿಕೊಂಡು ಒಳಗೆ ಹೋಗುವಳು. ಅವರೆಕಾಯಿಯೂ ಮುಗಿದಿತ್ತು.

ಸಹಕಾರ ನಗರದಲ್ಲಿ ನೆಲಮಹಡಿಯೇ ಇತ್ತು. ಮಾಲೀಕಿ ವಯಸ್ಸಾದ ಹೆಂಗಸು, ನಾಗಮಣಿಗೆ ಆಸೆ ಹುಟ್ಟಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಪಾಪ," ಎಂದಳು ಆ ಹೆಂಗಸು. "ನಂಗೂ ಬಿ.ಪಿ. ಇದೆ ಕಣಮ್ಮ, ಸಾವು ನೋವು ನೋಡಕ್ಕಾಗಲ್ಲ." ಜಕ್ಕೂರಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿತ್ತು, ಯಾರು ಬದುಕಿದರು ಯಾರು ಸತ್ತರು ಎಂದು ಕೇಳುವವರು ಯಾರೂ ಇರಲಿಲ್ಲ. ಬಾಡಿಗೆ ಮೂವತ್ತೆರಡು ಸಾವಿರ. ಕೊಡಿಗೇಹಳ್ಳಿಯಲ್ಲೇ ಹಿಂದಿನ ಬೀದಿಯಲ್ಲಿ ಒಂದು ಮನೆ ನೋಡಲು ಹೋದರೆ ಆ ಮಾಲೀಕ ಮುನಿಕೃಷ್ಣಪ್ಪನ ದಾಯಾದಿ, ಅವನಿಗೆ ಆಗಲೇ ಎಲ್ಲ ಗೊತ್ತಿತ್ತು.

"ಮೇಡಂ, ನನ್ ಮಾತು ಕೇಳಿ," ಎಂದ ವೆಂಕಟೇಶಪ್ಪ, ಸ್ಕೂಟರಿನ ಮೇಲೆ ಕೂತೇ. "ಹದಿನೈದು ವರ್ಷದಿಂದ ಇದೇ ಕೆಲ್ಸ ನಂದು. ಬ್ಯಾಚುಲರ್‌ಗೆ ಕೊಡ್ಸಿದೀನಿ, ಮೂರು ನಾಯಿ ಇರೋರಿಗೆ ಕೊಡ್ಸಿದೀನಿ. ಪೇಷಂಟ್ ಅಂದ್ರೆ ಮಾತ್ರ ಕೊಡಲ್ಲ. ನೀವು ಹೇಳ್ಲೇಬೇಡಿ. ಬಂದು ಹೋಗಿ ಮಾಡ್ತಾರೆ ಅನ್ನಿ, ಮುಗೀತು."

ನಾಗಮಣಿ ಬಸ್ ಸ್ಟಾಪಿನ ಕಡೆ ನಡೆದಳು.

ಉಳಿದದ್ದು ಹುಣಸಮಾರನಹಳ್ಳಿ. ಉಪೇಂದ್ರನ ಅಣ್ಣ ಭೀಮರಾಜನದು ಸ್ವಂತ ಮನೆ, ಕೆಳಗೆ ಎರಡು ಅಂಗಡಿ, ಮೇಲೆ ತಾವು. ಭಾನುವಾರ ಗಂಡ ಹೆಂಡತಿ ಬಸ್ಸು ಹತ್ತಿ ಹೋದರು. ಭೀಮರಾಜನ ಹೆಂಡತಿ ಮಾಲಾ ನಾಟಿಕೋಳಿ ಸಾರು ಮಾಡಿದ್ದಳು. ಎರಡನೇ ಸಲ ಬಡಿಸುವವರೆಗೂ ಯಾರೂ ವಿಷಯ ಎತ್ತಲಿಲ್ಲ.

"ಎರಡು ತಿಂಗಳು ಅಷ್ಟೇ ಅಣ್ಣ," ಎಂದ ಉಪೇಂದ್ರ. "ಅವ್ರ ಮದುವೆ ಮುಗಿಯೋವರೆಗೂ. ಮಿಷಿನ್ ಬಾಡಿಗೆ ನಾನೇ ಕೊಡ್ತೀನಿ. ನಾಗೂ ಬಂದು ಇರ್ತಾಳೆ ಬೇಕಾದ್ರೆ."

ಭೀಮರಾಜ್ ತಟ್ಟೆ ನೋಡಿಕೊಂಡ. "ನಂಗೇನೋ ಇಲ್ಲ ಕಣೋ. ಅಮ್ಮ ಅಲ್ವಾ."

"ಇಲ್ಲ ಅಂದ್ರೆ ಏನ್ರೀ ಇಲ್ಲ?" ಎಂದಳು ಮಾಲಾ, ಸೌಟು ಕೆಳಗಿಟ್ಟು. "ನಾನೇ ಹೇಳ್ತೀನಿ, ಕೆಟ್ಟವಳು ನಾನೇ ಆಗ್ತೀನಿ. ನೋಡು ನಾಗು, ನಿಂದು ಬಾಡಿಗೆ ಮನೆ. ಆಗಬಾರದ ನಕ್ಷತ್ರದಲ್ಲಿ ಆಯ್ತು ಅಂದ್ಕೋ, ಬೀಗ ಮಾಲೀಕನ ಕೈಗೆ ಕೊಟ್ಟು ಇನ್ನೊಂದು ಮನೆಗೆ ಹೋಗ್ತೀಯ. ನಾವು ಸ್ವಂತ ಮನೆಯೋರು. ಆರು ತಿಂಗಳು ಬೀಗ ಹಾಕಿ ನಾವೆಲ್ಲಿಗೆ ಹೋಗೋಣ? ಕೆಳಗಿನ ಅಂಗಡಿಯೋರು ಇರ್ತಾರಾ? ಹೊಸ ಮನೆ ಕಣೇ, ಇನ್ನೂ ಸಾಲ ತೀರಿಲ್ಲ."

"ಇಷ್ಟು ವರ್ಷ ನಾನು ನೋಡ್ಕೊಂಡಿಲ್ವಾ ಅಕ್ಕ?"

"ನೋಡ್ಕೊಂಡಿದೀಯ. ನಿನ್ ಥರ ನಂಗೆ ಆಗಲ್ಲ, ಒಪ್ಕೋತೀನಿ. ಇನ್ನೊಂದು ತುಂಡು ಹಾಕ್ಲಾ?"

ನಾಗಮಣಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಬರುವಾಗ ಮಾಲಾ ಅತ್ತೆಗೆಂದು ಡಬ್ಬಿಯಲ್ಲಿ ಸಾರು ಹಾಕಿಕೊಟ್ಟಳು. ಬಸ್ಸಿನಲ್ಲಿ ಉಪೇಂದ್ರ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದ. ಯಲಹಂಕ ದಾಟಿದ ಮೇಲೆ ಅಂದ: "ಈಗ?"

"ಈಗೇನು. ಅವರಿಗೆ ಮಾತು ಕೊಡೋದು," ಎಂದಳು ನಾಗಮಣಿ.

ಮಾತು ಕೊಡಲು ಅವಳೇ ಹೋದಳು. ಉಪೇಂದ್ರನಿಗೆ ತಾಯಿಯ ವಿಷಯದಲ್ಲಿ ಅಂಥ ಮಾತು ನಾಲಿಗೆಗೆ ಬರಲಿಲ್ಲ. ಮುನಿಕೃಷ್ಣಪ್ಪ ಜಗುಲಿಯಲ್ಲಿ ಲಗ್ನಪತ್ರಿಕೆಗಳಿಗೆ ಅರಿಶಿನ ಹಚ್ಚುತ್ತಿದ್ದ.

"ಮದುವೆ ಆಗೋವರೆಗೂ ಏನಾದ್ರೂ ಆದ್ರೆ ಆಸ್ಪತ್ರೆಯಿಂದ ಇಲ್ಲಿಗೆ ತರಲ್ಲ ಸಾರ್," ಎಂದಳು.

ಅವನು ಒಂದು ಪತ್ರಿಕೆ ತೆಗೆದು ಅವಳ ಕೈಗೆ ಕೊಟ್ಟ. "ಎಲ್ರೂ ಬರ್ಬೇಕಮ್ಮ," ಎಂದ. ಒಳಗೆ ಬಾಗಿಲ ಮರೆಯಲ್ಲಿ ಯಲ್ಲಮ್ಮನ ಸೀರೆಯ ಅಂಚು ಕಂಡಿತು. ಅದು ಅಲುಗಾಡಲಿಲ್ಲ.

ಆ ವಾರದಲ್ಲೇ ಒಂದು ಮಧ್ಯಾಹ್ನ ಸಂಜೀವಮ್ಮ ಗೋಡೆಯ ಕ್ಯಾಲೆಂಡರನ್ನು ಇಳಿಸಿ ತರಿಸಿದಳು.

"ಅರಿಪ್ರಿಯಾ, ಓದು. ಧನಿಷ್ಠಾ ಯಾವತ್ತು?"

"ಯಾಕಜ್ಜಿ?"

"ಓದವ್ವ ನೀನು. ಧನಿಷ್ಠಾದಿಂದ ರೇವತಿವರ್ಗೂ ಐದು ದಿನ ನಾನು ಸಾಯಲ್ಲ, ರಜಾ ಅಂತ ಕೆಳಗಿನೋನಿಗೆ ಏಳಿ ಬಾ. ಮಿಕ್ಕಿದ್ ದಿನ ನೋಡಾಣ."

ಹರಿಪ್ರಿಯಾ ನಕ್ಕಳು, ನಗುತ್ತಲೇ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಗಮಣಿ ಅತ್ತೆಯ ಕಾಲಿಗೆ ಎಣ್ಣೆ ಸವರುತ್ತಿದ್ದಳು. ಬೆರಳು ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು.

"ನಾಗೂ," ಎಂದಳು ಮುದುಕಿ ಮೆಲ್ಲಗೆ. "ಕೆಳಗೆ ಓಗಿ ಏನ್ ಮಾತ್ ಕೊಟ್ ಬಂದೆ ಅಂತ ನಂಗೊತ್ತು. ನಾನು ಬಯ್ಯಲ್ಲ. ಆದ್ರೆ ನಂಗೂ ಒಂದು ಕೊಡು. ನಿಮ್ ಮಾವ ಆಸ್ಪತ್ರೇಲಿ ಓದ್ರು. ನೀರ್ ಬಿಡಾಕೂ ಯಾರೂ ಇರ್ಲಿಲ್ಲ, ಬಾಗ್ಲಾಚೆ ನಿಲ್ಸಿದ್ರು. ನನ್ನ ಅಂಗೆ ಕಳಿಸ್ಬೇಡ. ನೀನೋ ಅರಿಪ್ರಿಯಾನೋ ತಲೆ ಇಡ್ಕೊಂಡು, ಮನೇದೊಂದು ಚಮಚ ನೀರು ಬಿಡಿ. ಅಷ್ಟೇ."

"ಆಯ್ತು ಅತ್ತೆ."

"ಆಯ್ತು ಅಂದ್ರೆ?"

"ಮನೇಲೇ. ನನ್ ಕೈಯಲ್ಲೇ."

ಎಣ್ಣೆ ಬಟ್ಟಲು ತೊಳೆಯುವಾಗ ನಾಗಮಣಿ ಯೋಚಿಸಿದ್ದು ಇಷ್ಟೇ: ಮದುವೆ ದಾಟಿಬಿಟ್ಟರೆ ಎರಡು ಮಾತೂ ಉಳಿಯುತ್ತವೆ.

ಚಪ್ಪರ ಎದ್ದಿತು. ತೆಂಗಿನ ಗರಿ, ಮಾವಿನ ಸೊಪ್ಪು, ಗೇಟಿನ ಎರಡೂ ಕಡೆ ಬಾಳೆಕಂಬ, ಮಹಡಿಯಿಂದ ಕೆಳಗಿನವರೆಗೆ ಸೀರಿಯಲ್ ಲೈಟು. ಅದರ ಮರುದಿನ ಬೆಳಿಗ್ಗೆಯೇ ಸಂಜೀವಮ್ಮನ ತುಟಿ ನೀಲಿಗಟ್ಟಿತು. ಯಂತ್ರದ ಗುಂಡಿ ಎಷ್ಟು ತಿರುಗಿಸಿದರೂ ಅಷ್ಟೇ. ಅದೇ ಪ್ಲಾಸ್ಟಿಕ್ ಕುರ್ಚಿ. ಫೋನು ಮಾಡಿದ ಕೂಡಲೇ ಗಯಾಸ್ ಬಂದ. ಈ ಸಲ ತಮಾಷೆ ಮಾಡಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಮುದುಕಿ ಕೈ ಎತ್ತಿ ನಿಲ್ಲಿಸಿದಳು. "ವಾಪಸ್ ಕರ್ಕೊಂಡ್ ಬರ್ತೀಯಾ?"

"ಬರ್ತೀನಿ ಅತ್ತೆ."

ಚಪ್ಪರದ ಕೆಳಗೆ ಹಾದು ಹೋಗುವಾಗ ಯಲ್ಲಮ್ಮ ಕೈಯಲ್ಲಿ ಸೆಗಣಿ ನೀರಿನ ಬಕೆಟ್ಟು ಹಿಡಿದು ನಿಂತಿದ್ದಳು. ಸಂಜೀವಮ್ಮ ಅವಳತ್ತ ನೋಡಿ, "ಚಪ್ಪರ ಚೆನ್ನಾಗೈತೆ," ಎಂದಳು. ಯಲ್ಲಮ್ಮ ಬಕೆಟ್ಟನ್ನು ಕೆಳಗಿಟ್ಟಳು.

ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಸೇರಿಸಿದರು. ಮೂರನೇ ದಿನಕ್ಕೆ ಮುದುಕಿ ಎದ್ದು ಕೂತು ಇಡ್ಲಿಗೆ ಚಟ್ನಿ ನೀರಾಗಿದೆ ಎಂದಳು. ಡಾಕ್ಟರು ಉಪೇಂದ್ರನನ್ನೂ ನಾಗಮಣಿಯನ್ನೂ ಆಚೆ ಕರೆದರು. ಮಾಡುವುದು ಇನ್ನೇನೂ ಇಲ್ಲ, ಇದು ಎಷ್ಟು ದಿನವೋ ಹೇಳಲಾಗದು, ಬೇಕಾದರೆ ಮನೆಗೆ ಕರೆದುಕೊಂಡು ಹೋಗಿ, ಮನೆಯವರ ಮಧ್ಯೆ ಇರಲಿ ಎಂದರು.

ಜ್ಯೋತಿಲಕ್ಷ್ಮಿಯ ಮುಹೂರ್ತಕ್ಕೆ ಇನ್ನು ಎರಡು ದಿನವಿತ್ತು.

"ಇಲ್ಲೇ ಇರ್ಲಿ," ಎಂದ ಉಪೇಂದ್ರ ಕಾರಿಡಾರಿನಲ್ಲಿ. "ಎರಡು ದಿನ ತಾನೇ."

"ದಿನಕ್ಕೆ ಆರೂವರೆ ಸಾವಿರ ಇಲ್ಲಿ."

"ದುಡ್ಡಿಗೆ ಏನೋ ಮಾಡೋಣ. ಚಪ್ಪರದ ಕೆಳಗೆ ಹೆಂಗೆ ಕರ್ಕೊಂಡ್ ಹೋಗ್ತೀಯಾ ನೀನೇ ಹೇಳು. ನಾಳೆನೇ ಏನಾದ್ರೂ ಆಗ್ಬಿಟ್ರೆ? ಆ ಹುಡುಗಿ ಮದುವೆ ಕಣೇ."

ಹರಿಪ್ರಿಯಾ ಗೋಡೆಗೆ ಒರಗಿ ನಿಂತಿದ್ದಳು. "ಅಜ್ಜಿ ಬಟ್ಟೆ ಮಡಚಿ ಕೂತಿದಾರೆ ಅಮ್ಮ. ಮನೆಗೆ ಅಂತ."

ನಾಗಮಣಿ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಬೇಡ, ಕರೆದುಕೊಂಡು ಹೋಗೋಣ ಎಂದು ಅವಳು ಅಂದಿದ್ದರೆ ಉಪೇಂದ್ರ ತಡೆಯುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

"ಮದುವೆ ಮುಗೀಲಿ," ಎಂದಳು.

ಅತ್ತೆಗೆ, ಡಾಕ್ಟರು ಇನ್ನೆರಡು ದಿನ ಇರಬೇಕು ಅಂದಿದ್ದಾರೆ ಎಂದು ಹೇಳಿದಳು. ಮುದುಕಿ ಮಡಚಿದ್ದ ಸೀರೆಯನ್ನು ದಿಂಬಿನ ಕೆಳಗಿಟ್ಟು, "ಅವ್ರು ಅಂದ್ರಾ?" ಎಂದಳು. "ಊಂ, ಆಗ್ಲಿ."

ಮುಹೂರ್ತದ ದಿನ ಉಪೇಂದ್ರ ಐನೂರ ಒಂದು ರೂಪಾಯಿಯ ಕವರು ಕೊಟ್ಟು, ಊಟಕ್ಕೆ ನಿಲ್ಲದೆ ಬಂದ. ಛತ್ರದಲ್ಲಿ ಮುನಿಕೃಷ್ಣಪ್ಪ ಅವನ ಎರಡೂ ಕೈ ಹಿಡಿದುಕೊಂಡನಂತೆ. ಮರುದಿನ ಬೆಳಿಗ್ಗೆ ನಾಗಮಣಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಹರಿಪ್ರಿಯಾಳ ಫೋನು ಬಂತು. ಓಡಿ ಹೋಗುವಷ್ಟರಲ್ಲಿ ಮಂಚದ ಸುತ್ತ ಹಸಿರು ಪರದೆ ಎಳೆದಿದ್ದರು. ಹರಿಪ್ರಿಯಾಳನ್ನು ಆಚೆ ನಿಲ್ಲಿಸಿದ್ದರು. ಅವಳ ಕೈಯಲ್ಲಿ ಮನೆಯಿಂದ ತಂದಿದ್ದ ನೀರಿನ ಬಾಟಲಿ ಹಾಗೇ ಇತ್ತು.

ಅಲ್ಲಿಂದ ಹೆಬ್ಬಾಳದ ಸ್ಮಶಾನಕ್ಕೆ ದೂರವಿಲ್ಲ. ಮಧ್ಯಾಹ್ನ ಎರಡಕ್ಕೆಲ್ಲ ಮುಗಿಯಿತು. ಮಾಲಾ ಎಲ್ಲರಿಗಿಂತ ಜೋರಾಗಿ ಅತ್ತಳು. ತಿಥಿಯನ್ನು ಭೀಮರಾಜ್ ಹುಣಸಮಾರನಹಳ್ಳಿಯಲ್ಲಿ ಮನೆಯ ಮುಂದೆ ಶಾಮಿಯಾನ ಹಾಕಿಸಿ, ಇನ್ನೂರು ಎಲೆ ಹಾಕಿಸಿ ಮಾಡಿದ. ಅಮ್ಮನಿಗೆ ಏನೂ ಕಡಿಮೆಯಾಗಬಾರದು ಎಂದ.

ಸ್ಮಶಾನದಿಂದ ಬಂದ ದಿನ ಸಂಜೆ ಮುನಿಕೃಷ್ಣಪ್ಪ ಮೇಲೆ ಬಂದಿದ್ದ. ಚಪ್ಪರದ ಗರಿ ಆಗಲೇ ಬಾಡಿತ್ತು. ಈ ಸಲ ಅವನು ಹೇಳಿಸಿಕೊಳ್ಳದೆ ಕೂತ. ಟವೆಲ್ಲನ್ನು ಮಂಡಿಯ ಮೇಲೆ ಮಡಚಿದ, ಬಿಚ್ಚಿದ, ಮಡಚಿದ.

"ಅಯ್ನೋರ್ನ ಕೇಳ್ದೆ," ಎಂದ. "ಅಸ್ತಾ ನಕ್ಷತ್ರವಂತೆ. ದೋಷ ಏನೂ ಇಲ್ವಂತೆ. ಒಂದ್ ದಿನಾನೂ ಬೀಗ ಆಕಂಗಿರ್ಲಿಲ್ಲ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಅಂದ: "ಮದುವೇನೂ ಮುಗಿದಿತ್ತು. ಮನೆಗೆ ತಂದಿದ್ರೂ ಆಗಿರೋದಮ್ಮ."

"ಹೌದು ಸಾರ್," ಎಂದಳು ನಾಗಮಣಿ.

"ನೀವು ಇರೋವಷ್ಟು ದಿನ ಇರಿ. ಬಾಡಿಗೆ ಏರಿಸಲ್ಲ."

ಬೇರೆ ಮನೆ ನೋಡೋಣ ಎಂದು ಹರಿಪ್ರಿಯಾ ಒಂದು ತಿಂಗಳು ಹಠ ಹಿಡಿದಳು. ಹಾಳು ಮನೆ ಎಂದಳು, ಅಜ್ಜಿಯ ಕೋಣೆಯಲ್ಲಿ ಮಲಗುವುದಿಲ್ಲ ಎಂದು ಹಾಲ್‌ನಲ್ಲಿ ಚಾಪೆ ಹಾಸಿದಳು. "ಈ ದುಡ್ಡಿಗೆ ಎಲ್ಲಿ ಸಿಗುತ್ತೆ ಹೇಳು," ಎಂದ ಉಪೇಂದ್ರ. ಆಸ್ಪತ್ರೆಗೆ ಕಟ್ಟಿದ್ದು ಮಳಿಗೆಯ ಸಾಹುಕಾರನಿಂದ ತಂದ ದುಡ್ಡು, ಸಂಬಳದಲ್ಲಿ ಮುರಿಯುತ್ತಿದ್ದ. ನೀರು ಬರುತ್ತಿತ್ತು, ಗೋಡೆಯಲ್ಲಿ ತೇವವಿರಲಿಲ್ಲ, ಮಾಲೀಕ ಒಳ್ಳೆಯವನು. ಬಿಡಲು ಒಂದು ಕಾರಣವೂ ಸಿಗಲಿಲ್ಲ. ಹರಿಪ್ರಿಯಾ ಚಾಪೆ ಮಡಚಿ ಕೋಣೆಗೆ ಹೋದಳು.

ಆಷಾಢ ಕಳೆದ ಮೇಲೆ ನೆಲಮಹಡಿಯ ಹಿಂದಿನ ಶೀಟ್ ಮನೆಯನ್ನು ನೋಡಲು ಅಮ್ರೀನ್ ಎಂಬ ಹೆಂಗಸು ಬಂದಳು. ಯಲಹಂಕದ ಒಂದು ಶಾಲೆಯಲ್ಲಿ ಟೀಚರಂತೆ. ಮುನಿಕೃಷ್ಣಪ್ಪ ಬೀಗದ ಕೈ ತರಲು ಒಳಗೆ ಹೋದಾಗ ಅವಳು, ಬಟ್ಟೆ ಒಣಹಾಕಲು ಅಂಗಳಕ್ಕೆ ಇಳಿದಿದ್ದ ನಾಗಮಣಿಯ ಹತ್ತಿರ ಬಂದಳು. ಜಾಣೆ, ಮಾಲೀಕನ ಬೆನ್ನ ಹಿಂದೆ ಕೇಳಬೇಕಾದ್ದನ್ನು ಕೇಳುವವಳು.

"ಆಂಟಿ, ನೀರು ಹೆಂಗೆ ಇಲ್ಲಿ?"

"ನೀರಿಗೆ ತೊಂದ್ರೆ ಇಲ್ಲಮ್ಮ. ವಾರಕ್ಕೆ ಮೂರು ಸಲ ಕಾವೇರಿ, ಮಿಕ್ಕಿದ್ದು ಬೋರು."

"ಓನರ್?"

"ಒಳ್ಳೆಯವರು."

"ಕರೆಂಟ್ ಮೀಟರ್ ಬೇರೆ ತಾನೇ?"

"ಬೇರೆ. ಎಷ್ಟು ಜನ ನೀವು?"

"ನಾನು, ನಮ್ಮನೆಯೋರು, ಮಗ," ಎಂದಳು ಅಮ್ರೀನ್. ಆಮೇಲೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನಮ್ಮಬ್ಬಾ ಇದಾರೆ. ಅಕ್ಕನ ಮನೇಲಿ. ಬಂದು ಹೋಗಿ ಮಾಡ್ತಾರೆ."

ನಾಗಮಣಿ ಒದ್ದೆ ಟವೆಲ್ಲನ್ನು ತಂತಿಯ ಮೇಲೆ ಹಾಕಿ ಎರಡೂ ಕಡೆ ಎಳೆದಳು.

"ಹಂಗನ್ಬೇಡಮ್ಮ," ಎಂದಳು. "ಇದ್ದಾರೆ ಅಂತಾನೇ ಹೇಳು. ಅವರ ಕಾಲ ಬಂದಾಗ ಈ ಗೇಟಿನೊಳಗೆ ಇಟ್ಕೋಬಹುದಾ ಅಂತ ಈಗ್ಲೇ ಕೇಳು. ಇಲ್ಲ ಅಂದ್ರೆ ಬೇರೆ ಮನೆ ನೋಡು. ನೀರು ಆಮೇಲೆ ಕೇಳಿದ್ರೂ ನಡಿಯುತ್ತೆ."

ಬೀಗದ ಕೈ ಗೊಂಚಲಿನ ಸದ್ದು ಬಂತು. ನಾಗಮಣಿ ಖಾಲಿ ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಬಾಡಿಗೆ ಏರಿಸದ ಆ ಮನೆಯಲ್ಲಿ ಅವರಿಗೆ ಉಳಿತಾಯವಾಗುವುದು ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ. ಸಂಜೀವಮ್ಮ ಮನೆಗೆ ವಾಪಸ್ ಬರಲಿಲ್ಲ.